ಯಾರೂ ಒಯ್ಯದ ಪ್ರತಿ

ಮಂಡಿಪೇಟೆ ತಿರುವಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ.
ಎದುರಿನ ಗೋಡೆಗೆ ನಿನ್ನೆ ರಾತ್ರಿ
ಯುದ್ಧ ಅಂಟಿಸಿ ಹೋಗಿದ್ದಾರೆ.
ಮೈದಾ ಅಂಟು ಇನ್ನೂ ಹಸಿ, ನಾಯಕನ ಗಲ್ಲದಿಂದ ಇಳಿದು
ಕೆಳಗಿನ ಟ್ಯೂಷನ್ ಕ್ಲಾಸಿನ ಫೋನ್ ನಂಬರು ಅಳಿಸಿದೆ.

ಸಿನಿಮಾ ಆಗುವ ಮೊದಲು ಅದು ಕಾದಂಬರಿ.
ಕಾದಂಬರಿ ಆಗುವ ಮೊದಲು
ನನ್ನ ಮಷೀನಿನ ಗಾಜಿನ ಮೇಲೆ ಬೋರಲು ಮಲಗಿತ್ತು:
ಹೇಸರಗತ್ತೆ ಪಡೆಯ ದ್ಯಾಮಪ್ಪನ ಬರ್ಮಾ ಡೈರಿ,
ಅಂಗೈಯಗಲ, ಬೆವರಿಗೆ ಉಬ್ಬಿದ್ದು.
ಜೊತೆಗೆ ಅವನ ಹೆಂಡತಿ ಸಾವಂತ್ರವ್ವನದು,
ಡೈರಿ ಅಂದರೆ ಡೈರಿ ಏನಲ್ಲ,
ಅರಳೆ ಮಿಲ್ಲಿನ ಕೆಂಪು ರಟ್ಟಿನ ಲೆಕ್ಕದ ಪುಸ್ತಕ.
ಜೋಳ, ಉಪ್ಪು, ಸೋಪಿನ ಪಕ್ಕ ದಿನಕ್ಕೊಂದು ಸಾಲು.

ಕಾದಂಬರಿಕಾರರು ಬಂದು ಗಂಡನದು ಒಯ್ದರು.
"ಆ ಲೆಕ್ಕದ್ದು ಇರಲಿ ಬಿಡ್ರೀ" ಅಂದರು.
ದುಡ್ಡು ಮಾತ್ರ ಎರಡಕ್ಕೂ ಕೊಟ್ಟರು, ಸುಳ್ಳು ಯಾಕೆ ಹೇಳಲಿ.
ಹಾಗಾಗಿ ಅವಳ ಪೂರ್ತಿ ಪ್ರತಿ ನನ್ನ ಹತ್ತಿರ,
ಅವನದು, ಸೊಟ್ಟ ಬಂದು ಬದಿಗಿಟ್ಟ ಮೂವತ್ತು ಹಾಳೆ.
ಕರೆಂಟು ಹೋದ ಮಧ್ಯಾಹ್ನ ಎದುರುಬದುರು ಇಟ್ಟು ಓದುತ್ತೇನೆ.

ಸಾವಿರದ ಒಂಬೈನೂರ ನಲವತ್ಮೂರು, ಜೂನ್ ಒಂಬತ್ತು.
ಅವನು: "ಸ್ಟೇಷನ್ನಿಗೆ ಯಾರೂ ಬರಲಿಲ್ಲ. ಒಳ್ಳೇದೇ ಆಯ್ತು."
ಅವಳು: "ಸೀಮೆಎಣ್ಣೆ ಒಂದು ಬಾಟ್ಲಿ. ಸಾಲು ದೊಡ್ಡದಿತ್ತು."
ಪೋಸ್ಟರಿನಲ್ಲಿ ಅದೇ ದಿನ, ಅದೇ ಸ್ಟೇಷನ್ನು.
ಹೊಗೆಯೊಳಗೆ ರೈಲಿನ ಜೊತೆ ಓಡುತ್ತಿದ್ದಾಳೆ,
ಕುಂಕುಮ ಹಣೆತುಂಬ ಹರಡಿ, ಸೆರಗು ನಾಲ್ಕು ಬೋಗಿ ಉದ್ದ.
ಅವನ ಕೈಯಲ್ಲಿ ಬಂದೂಕು.
ಮೂವತ್ತು ಹಾಳೆಯಲ್ಲಿ ಅವನು ಹಿಡಿದದ್ದು
ಹಗ್ಗ, ಹುರುಳಿ ಚೀಲ, ಗೊರಸು ಕೆರೆಯುವ ಚೂರಿ.
ಅವನ ಹೇಸರಗತ್ತೆ ರಾಣಿ, ಒಂದು ಕಿವಿ ಹರಿದದ್ದು,
ಮೂಲೆಯಲ್ಲಿ ಬಿಳಿ ಕುದುರೆಯಾಗಿ ಮುಂಗಾಲೆತ್ತಿ ನಿಂತಿದೆ.

ಬೈಯುವುದಿಲ್ಲ. ಬಣ್ಣದವನಿಗೂ ಹೊಟ್ಟೆ ಇದೆ.
ಸೀಮೆಎಣ್ಣೆ ಸಾಲಿನ ಚಿತ್ರ ಬರೆದರೆ
ಬಾಲ್ಕನಿ ಟಿಕೆಟ್ಟು ಯಾರು ತಗೋತಾರೆ?
ಕೆಂಪು ಆಕಾಶ ನೋಡಿ ಮಂಡಕ್ಕಿ ಭಟ್ಟಿಯ ನೂರುಲ್ಲಾ ಹೇಳಿದ,
"ನಮ್ಮ ಒಲೆ ಇದ್ದಂಗೈತಲ್ಲೋ, ಮರಳು ಕಾದ ಹೊತ್ತಿನ ಬಣ್ಣ."
ಅಷ್ಟು ಹೊತ್ತೂ ನಾನು ಅದನ್ನು ಬಾಂಬು ಅಂದುಕೊಂಡಿದ್ದೆ.

ಇನ್ನೊಂದಿದೆ. ಇದನ್ನು ಅವರಿಗೂ ಹೇಳಿಲ್ಲ.
ನವೆಂಬರಿನ ಒಂದು ದಿನ ಅವಳ ಸಾಲು ಖಾಲಿ,
ಉಪ್ಪು ಎರಡಾಣೆ ಅಂತ ಮಾತ್ರ.
ಕಾದಂಬರಿಯಲ್ಲಿ ಆ ದಿನಕ್ಕೆ ನಲವತ್ತು ಪುಟ,
ಅವನಿಗೆ ಗುಂಡು ಬಿದ್ದ ಗಳಿಗೆಗೆ ಅವಳ ಕೈಬಳೆ ಒಡೆಯುತ್ತದೆ.
ನನ್ನ ಮಷೀನು ಹಳೇದು, ಡಾರ್ಕ್ ಎರಡು ಮನೆ ಏರಿಸಿದರೆ
ರಬ್ಬರು ಉಜ್ಜಿದ ಗುರುತೂ ಬೀಳುತ್ತದೆ.
ಬೂದಿ ಬಣ್ಣದಲ್ಲಿ, ಓರೆಯಾಗಿ, ಎದ್ದು ಬಂತು:

"ಅರಳೆ ಹಿಂಜುವಾಗ ನಕ್ಕೆ. ಬಾಳ ಹೊತ್ತು."

ಯಾರು ನಗಿಸಿದರು, ಯಾವ ಮಾತಿಗೆ, ಬರೆದಿಲ್ಲ.
ಬರೆದು, ಓದಿ, ದೀಪದ ಬುಡದಲ್ಲಿ ಉಜ್ಜಿದ್ದಾಳೆ,
ಹಾಳೆ ಹರಿಯದ ಹಾಗೆ.
ಅದೇ ದಿನ ಅವನು: "ಜಿಗಣೆ ಹನ್ನೊಂದು. ಚಹಾ ಇಲ್ಲ. ರಾಣಿ ಕುಂಟುತ್ತಿದೆ."
ಗುಂಡಿನ ಸುದ್ದಿಯೇ ಇಲ್ಲ.

ಎದುರಿನ ಗೋಡೆಯಲ್ಲಿ ಅವಳು ಅಳುತ್ತಲೇ ಇದ್ದಾಳೆ,
ಹದಿನೈದು ಅಡಿ ಎತ್ತರಕ್ಕೆ.
ಬಿಸಿಲೇರಿದಂತೆ ಅಂಟು ಒಣಗಿ
ತುಟಿಯ ಹತ್ತಿರ ಕಾಗದ ಸ್ವಲ್ಪ ಎದ್ದಿದೆ.

ಕರೆಂಟು ಬಂತು. ಮಷೀನು ಕೆಮ್ಮಿತು.
ಆಧಾರ್ ಕಾರ್ಡು ಹಿಡಿದ ಒಬ್ಬಾಕೆ,
ತಲೆಯಲ್ಲೆಲ್ಲ ಹತ್ತಿಯ ನವಿರು:
"ಎರಡೂ ಕಡೆ ತೆಗೀರಿ ಅಣ್ಣಾ.
ಮೊನ್ನೆ ಬ್ಯಾಂಕಿನೋರು ಒಂದೇ ಕಡೆ ಐತಿ ಅಂತ ವಾಪಸ್ ಕಳಿಸಿದ್ರು."